ಅರ್ಧಕ್ಕೇ ಎದ್ದು ಹೋಗುವವರು

'ಅವಳ ಸ್ವಭಾವವೇ ಅಂಥದ್ದು ಬಿಡಿ' ಎಂಬ ಮಾತನ್ನು ನಾವೆಲ್ಲ ಎಷ್ಟು ಸಲ ಆಡಿಲ್ಲ! ಬೆಳಿಗ್ಗೆ ಕೈಹಿಡಿದು 'ನಿಮ್ಮಷ್ಟು ನನ್ನನ್ನು ಅರ್ಥ ಮಾಡಿಕೊಂಡವರು ಇನ್ಯಾರೂ ಇಲ್ಲಕ್ಕಾ' ಎಂದು ಅತ್ತವಳು, ಸಂಜೆ ನಾವು ಅವಸರದಲ್ಲಿ ಎರಡು ಮಾತು ಕಡಿಮೆ ಆಡಿದೆವೆಂದು ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡುತ್ತಾಳೆ. ಸಿಟ್ಟು ಬಂದರೆ ತಡೆಯಿಲ್ಲ, ದುಃಖ ಬಂದರೆ ತಳವಿಲ್ಲ. ಎಲ್ಲರೂ ತನ್ನನ್ನು ಬಿಟ್ಟು ಹೋಗುತ್ತಾರೆಂಬ ಭಯದಲ್ಲಿ ಹತ್ತಿರದವರನ್ನು ತಾನೇ ದೂರ ತಳ್ಳುತ್ತಾಳೆ. ಕೆಲವೊಮ್ಮೆ ತನ್ನ ಮೈಗೆ ತಾನೇ ನೋವು ಮಾಡಿಕೊಳ್ಳುತ್ತಾಳೆ. ಮನೆಯವರು ಮೊದಲು ಹೆದರುತ್ತಾರೆ, ಆಮೇಲೆ ಬೇಸರಪಡುತ್ತಾರೆ, ಕೊನೆಗೆ 'ನಾಟಕ' ಎನ್ನುತ್ತಾರೆ. ಮದುವೆಯಾದರೆ ಸರಿಹೋಗುತ್ತದೆ, ಒಂದು ಮಗುವಾದರೆ ಸರಿಹೋಗುತ್ತದೆ ಎಂಬ ಸಮಾಧಾನಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ.

ಮುಂಗೋಪವಿದ್ದವರಿಗೆಲ್ಲ, ಬೇಗ ಮುನಿಸಿಕೊಳ್ಳುವವರಿಗೆಲ್ಲ ಕಾಯಿಲೆಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಲವರಲ್ಲಿ ಇದು ಹದಿಹರೆಯದಲ್ಲೇ ಬೇರುಬಿಟ್ಟು, ಓದು, ಉದ್ಯೋಗ, ಸಂಸಾರ ಯಾವುದನ್ನೂ ನೆಟ್ಟಗೆ ನಿಲ್ಲಗೊಡುವುದಿಲ್ಲ. ಮನೋವೈದ್ಯರು ಇದಕ್ಕೆ ಪರ್ಸನಾಲಿಟಿ ಡಿಸಾರ್ಡರ್ ಎನ್ನುತ್ತಾರೆ. ಅದರಲ್ಲಿ ಹಲವು ಬಗೆ. ನಾನು ಮೇಲೆ ಬರೆದದ್ದು 'ಬಾರ್ಡರ್‌ಲೈನ್' ಎನ್ನಿಸಿಕೊಂಡ ಬಗೆಯನ್ನು ಹೋಲುತ್ತದೆ. ಕನ್ನಡದಲ್ಲಿ 'ವ್ಯಕ್ತಿತ್ವದೋಷ' ಎಂದು ಬರೆಯುವ ರೂಢಿಯಿದೆ. ನನಗೆ ಈ ಪದ ಹಿಡಿಸುವುದಿಲ್ಲ. ದೋಷವೆಂದ ಕೂಡಲೇ ನಮಗೆ ನೆನಪಾಗುವುದು ಕುಜದೋಷ, ಸರ್ಪದೋಷ. ಕೂಡಿಬಂದ ಸಂಬಂಧಗಳನ್ನು ಮುರಿಯುವ ಪದ ಅದು. ಒಬ್ಬ ಹೆಣ್ಣುಮಗಳ ವ್ಯಕ್ತಿತ್ವಕ್ಕೇ ದೋಷ ಹಚ್ಚಿದ ಮೇಲೆ ಅವಳು ಯಾವ ಶಾಂತಿ ಮಾಡಿಸಿಯಾಳು? ಅಂದಹಾಗೆ, ಇದು ಹೆಂಗಸರದ್ದೇ ಕಾಯಿಲೆಯೂ ಅಲ್ಲ. ಆಸ್ಪತ್ರೆಗಳಲ್ಲಿ ಹೆಂಗಸರು ಹೆಚ್ಚಾಗಿ ಕಾಣುತ್ತಾರೆ, ನಿಜ. ಆದರೆ ಅಮೆರಿಕದಲ್ಲಿ ಜನಸಾಮಾನ್ಯರ ನಡುವೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ಗಂಡು ಹೆಣ್ಣಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಗಂಡಸಿನ ಸಿಟ್ಟಿಗೆ, ಹಟಕ್ಕೆ ನಾವು ಬೇರೆ ಹೆಸರುಗಳನ್ನು ಕೊಡುತ್ತೇವೆ, ಅಷ್ಟೆ.

ಇಂಥವರಿಗೆ ಮಾತಿನ ಚಿಕಿತ್ಸೆ, ಅಂದರೆ ವಾರವಾರವೂ ಕುಳಿತು ಮನಸ್ಸು ಬಿಚ್ಚಿ ಮಾತಾಡಿ ಬದಲಾಗುವ ಚಿಕಿತ್ಸೆ, ಒಗ್ಗುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಬರುತ್ತಾರೆ, ನಾಲ್ಕು ದಿನ ವೈದ್ಯರನ್ನು ದೇವರೆನ್ನುತ್ತಾರೆ, ಐದನೆಯ ದಿನ ಜಗಳವಾಡಿ ಎದ್ದು ಹೋಗುತ್ತಾರೆ. ಹೋದವರಲ್ಲಿ ಕೆಲವರು ಜೀವಂತ ಉಳಿಯುವುದಿಲ್ಲ. ಆದ್ದರಿಂದ ಅವರನ್ನು ಆ ಕುರ್ಚಿಯಲ್ಲಿ ಕೂಡಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಬರಿಯ ಪುಸ್ತಕದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಹುಡುಕಿದ ಕಥೆ ಸುಮಾರು ಎಂಬತ್ತು ತೊಂಬತ್ತು ವರ್ಷಗಳದ್ದು.

1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಒಂದು ಲೇಖನ ಬರೆದ. ಸಾಮಾನ್ಯ ಮನೋಬೇನೆಗೂ ಪೂರ್ತಿ ಬುದ್ಧಿಭ್ರಮಣೆಗೂ ನಡುವಿನ ಗಡಿಯಲ್ಲಿ ನಿಂತ ಕೆಲವರಿದ್ದಾರೆ, ಮಾಮೂಲಿ ವಿಶ್ಲೇಷಣೆ ಅವರಿಗೆ ನಾಟುವುದಿಲ್ಲ ಎಂಬುದು ಅದರ ಸಾರ. 'ಬಾರ್ಡರ್‌ಲೈನ್' ಎಂಬ ಹೆಸರು ಹೀಗೆ ಬಂತು. ಗಮನಿಸಿ, ಹೆಸರು ಹುಟ್ಟಿದ್ದೇ ಚಿಕಿತ್ಸೆ ಫಲಿಸದವರನ್ನು ಗುರುತಿಸಲು. ಮಂಚದ ಮೇಲೆ ಮಲಗಿಸಿ, ತಲೆಯ ಹಿಂದೆ ಕುಳಿತು, ಗಂಟೆಗಟ್ಟಲೆ ಮೌನವಾಗಿ ಕೇಳಿಸಿಕೊಳ್ಳುವ ಪದ್ಧತಿ ಅದು. ಬಿಟ್ಟುಹೋಗುತ್ತಾರೆಂಬ ಭಯವೇ ಉಸಿರಾಗಿರುವ ಹುಡುಗಿಗೆ ಹಿಂದಿನಿಂದ ಬರುವ ಆ ಮೌನ ಹೇಗೆ ಕೇಳಿಸಿದ್ದೀತು ಎಂದು ಊಹಿಸುವುದು ನಮಗೆ ಕಷ್ಟವಲ್ಲ.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ ನಡೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಕೆಲಸ ಮಾಡಿದವರು ಹೆಚ್ಚಾಗಿ ನರ್ಸುಗಳು. ಲಂಡನ್ನಿನ ಅಂಚಿನಲ್ಲಿ ಕ್ಯಾಸೆಲ್ ಎಂಬ ಆಸ್ಪತ್ರೆಯಿದೆ. ಮೊದಲ ಮಹಾಯುದ್ಧದಲ್ಲಿ ಮನಸ್ಸು ಮುರಿದು ಬಂದವರಿಗಾಗಿ 1919ರಲ್ಲಿ ಆರಂಭವಾದದ್ದು. 1946ರಿಂದ ಮೂವತ್ತು ವರ್ಷ ಅದರ ಮುಖ್ಯಸ್ಥನಾಗಿದ್ದವನು ಟಾಮ್ ಮೇನ್. ಆಸ್ಪತ್ರೆಯಲ್ಲಿ ನಿದ್ದೆಮಾತ್ರೆ, ಶಮನದ ಮದ್ದು ಬಳಕೆಯಾಗುವುದು ಯಾವಾಗ, ಏಕೆ ಎಂದು ಅವನೂ ಒಂದಷ್ಟು ನರ್ಸುಗಳೂ ಕೂತು ಚರ್ಚಿಸತೊಡಗಿದರು. ಯಾರನ್ನೂ ದೂರುವುದಿಲ್ಲ, ಮನಸ್ಸಿನಲ್ಲಿದ್ದುದನ್ನು ಹೇಳಬೇಕು ಎಂಬ ಒಪ್ಪಂದದ ಮೇಲೆ. ಮೊದಮೊದಲು ಎಲ್ಲರೂ ಪಾಠ ಒಪ್ಪಿಸಿದಂತೆ ರೋಗಿಯ ಅವಶ್ಯಕತೆಯ ಮಾತಾಡಿದರು. ನಂಬಿಕೆ ಬೆಳೆದ ಮೇಲೆ ನಿಜ ಹೊರಬಂತು. ರೋಗಿಯ ಗೋಳನ್ನು ತಡೆದುಕೊಳ್ಳುವ ತನ್ನ ಶಕ್ತಿ ತೀರಿ, ಸಿಟ್ಟೋ ಹತಾಶೆಯೋ ತಪ್ಪಿತಸ್ಥ ಭಾವವೋ ಉಕ್ಕಿ ಬಂದ ಗಳಿಗೆಯಲ್ಲೇ ನರ್ಸು ಮಾತ್ರೆ ಕೊಡುತ್ತಿದ್ದಳು. ಸಂಕಟ ಮಿತಿ ಮೀರಿದ್ದು ನರ್ಸಿಗೆ, ಮದ್ದು ನುಂಗಿದ್ದು ರೋಗಿ! ಅಳು ನಿಲ್ಲಿಸದ ಕೂಸಿಗೆ ನಡುರಾತ್ರಿ ಗ್ರೈಪ್‌ವಾಟರ್ ಕುಡಿಸಿದ ಯಾವ ತಾಯಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಅವರ ಚರ್ಚೆ 'ವಿಶೇಷ' ರೋಗಿಗಳತ್ತ ಹೊರಳಿತು. ಎಲ್ಲರೂ ಜೀವ ತೇಯ್ದು ನೋಡಿಕೊಂಡರೂ ಸುಧಾರಿಸದೆ, ಹೋಗುವಾಗ ಆಸ್ಪತ್ರೆಯನ್ನೇ ಎರಡು ಪಾಲು ಮಾಡಿ ಹೋದವರು ಇವರು. ಒಬ್ಬ ನರ್ಸಿಗೆ, ಈ ರೋಗಿ ನನಗೆ ಮಾತ್ರ ಅರ್ಥವಾಗುತ್ತಾಳೆ, ಉಳಿದವರು ಕಲ್ಲು ಮನಸ್ಸಿನವರು ಎನ್ನಿಸುತ್ತಿತ್ತು. ಉಳಿದವರಿಗೆ, ಪಾಪ ಇವಳು ಮರುಳಾಗಿದ್ದಾಳೆ ಎನ್ನಿಸುತ್ತಿತ್ತು. ಇಬ್ಬರೂ ಪರಸ್ಪರ ಮಾತು ಬಿಟ್ಟಿರುತ್ತಿದ್ದರು. ನಡುವೆ ರೋಗಿ ಇನ್ನಷ್ಟು ಹದಗೆಡುತ್ತಿದ್ದಳು. ಅತ್ತೆ, ನಾದಿನಿ, ವಾರಗಿತ್ತಿಯರಿರುವ ತುಂಬು ಮನೆಯಲ್ಲಿ ಬಾಳಿದವರಿಗೆ ಈ ಚಿತ್ರ ಹೊಸದಲ್ಲ. 1957ರಲ್ಲಿ ಮೇನ್ ಇದನ್ನೆಲ್ಲ 'ದಿ ಏಲ್‌ಮೆಂಟ್' ಎಂಬ ಲೇಖನದಲ್ಲಿ ಬರೆದ. ಎಷ್ಟು ಪಾಡುಪಟ್ಟರೂ ಗುಣವಾಗದ ರೋಗಿ ಗುಣಪಡಿಸಹೊರಟವರ ಸಿಟ್ಟಿಗೆ ತುತ್ತಾಗುತ್ತಾಳೆ, ಆ ಸಿಟ್ಟು ಚಿಕಿತ್ಸೆಯ ವೇಷ ತೊಟ್ಟು ಬರುತ್ತದೆ ಎಂಬ ಕಹಿ ಸತ್ಯ ಅದರಲ್ಲಿದೆ. ಲೇಖನದ ಮೇಲಿರುವುದು ಮೇನ್‌ನ ಹೆಸರು. ತಮ್ಮ ಅಸಹನೆಯನ್ನು ಬಾಯಿಬಿಟ್ಟು ಒಪ್ಪಿಕೊಂಡ ಆ ನರ್ಸುಗಳಿಲ್ಲದೆ ಅದು ಹುಟ್ಟುತ್ತಿರಲಿಲ್ಲ.

ಮೇನ್ ಬರೆದನೆಂದು ಲೋಕವೇನೂ ಬದಲಾಗಲಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಬಾರ್ಡರ್‌ಲೈನ್‌ಗೆ ಸ್ಥಾನ ಸಿಕ್ಕಿತು, ಆದರೆ ಗೌರವ ಸಿಗಲಿಲ್ಲ. 1988ರಲ್ಲಿ ಲೂಯಿಸ್ ಮತ್ತು ಆ್ಯಪಲ್‌ಬಿ ಎಂಬಿಬ್ಬರು ಬ್ರಿಟನ್ನಿನ ಮನೋವೈದ್ಯರಿಗೆ ಒಬ್ಬ ರೋಗಿಯ ವಿವರಣೆಯನ್ನು ಓದಲು ಕೊಟ್ಟರು. ಕೆಲವರಿಗೆ ಕೊಟ್ಟ ಪ್ರತಿಯಲ್ಲಿ, ಈ ರೋಗಿಗೆ ಹಿಂದೊಮ್ಮೆ ಪರ್ಸನಾಲಿಟಿ ಡಿಸಾರ್ಡರ್ ಎಂದು ಹೇಳಲಾಗಿತ್ತು ಎಂಬ ಮಾತು ಸೇರಿತ್ತು. ಆ ಒಂದು ಮಾತು ಓದಿದವರಿಗೆ ಅದೇ ರೋಗಿ ಗಮನ ಸೆಳೆಯಲು ಹವಣಿಸುವವನಾಗಿ, ಕಿರಿಕಿರಿಯವನಾಗಿ, ಚಿಕಿತ್ಸೆಗೆ ಅಷ್ಟೇನೂ ಅರ್ಹನಲ್ಲದವನಾಗಿ ಕಂಡ. ಮನೋವೈದ್ಯರು ಇಷ್ಟಪಡದ ರೋಗಿಗಳು ಎಂಬ ಅರ್ಥದ ಶೀರ್ಷಿಕೆಯನ್ನೇ ಅವರು ತಮ್ಮ ವರದಿಗೆ ಇಟ್ಟರು. ಇಷ್ಟಪಡದವರ ಬಳಿ ಯಾರು ತಾನೇ ವರ್ಷವಿಡೀ ಬಂದು ಕೂರುತ್ತಾರೆ?

ಇಷ್ಟು ಹೊತ್ತಿಗಾಗಲೇ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಷಾ ಲಿನೆಹನ್ ಎಂಬ ಮನಶ್ಶಾಸ್ತ್ರಜ್ಞೆ ಬೇರೆಯೇ ದಾರಿ ಹುಡುಕುತ್ತಿದ್ದಳು. ಆಕೆಯ ಹಿನ್ನೆಲೆ ಆಗ ಬಹುಪಾಲು ಸಹೋದ್ಯೋಗಿಗಳಿಗೆ ತಿಳಿದಿರಲಿಲ್ಲ. ಹುಟ್ಟಿದ್ದು 1943ರಲ್ಲಿ, ಒಕ್ಲಹೋಮ ರಾಜ್ಯದ ಟಲ್ಸಾ ಎಂಬಲ್ಲಿ, ಆರು ಮಕ್ಕಳ ಅನುಕೂಲಸ್ಥ ಮನೆಯಲ್ಲಿ. ಹದಿನೇಳು ತುಂಬಿದಾಗ, 1961ರಲ್ಲಿ, ಅವಳನ್ನು ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ ಹುಡುಗಿಯನ್ನು ಒಂಟಿಕೋಣೆಯಲ್ಲಿ ಕೂಡಿದರು. ಮಂಚ, ಕುರ್ಚಿ, ಸರಳಿನ ಸಣ್ಣ ಕಿಟಕಿ, ಇಷ್ಟೇ ಅಲ್ಲಿದ್ದುದು. ಸ್ಕಿಜೋಫ್ರೇನಿಯ ಎಂದು ಹೆಸರಿಟ್ಟರು, ಮದ್ದು ಕೊಟ್ಟರು, ಮತ್ತೆ ಮತ್ತೆ ವಿದ್ಯುತ್ ಚಿಕಿತ್ಸೆ ಕೊಟ್ಟರು. ಸುಮಾರು ಇಪ್ಪತ್ತಾರು ತಿಂಗಳ ಬಳಿಕ, 1963ರಲ್ಲಿ ಹೊರಬಂದಾಗ ಅವಳಿಗೆ ಇಪ್ಪತ್ತು. ಈ ನರಕದಿಂದ ಪಾರಾದರೆ ಮತ್ತೆ ಬಂದು ಉಳಿದವರನ್ನೂ ಹೊರತರುತ್ತೇನೆ ಎಂದು ಒಳಗಿದ್ದಾಗಲೇ ದೇವರೆದುರು ಮಾತು ಕೊಟ್ಟುಕೊಂಡಿದ್ದಳಂತೆ. ಆಮೇಲೆ ಷಿಕಾಗೊದಲ್ಲಿ ಗುಮಾಸ್ತೆ ಕೆಲಸ ಮಾಡುತ್ತ, ಸಂಜೆಯ ತರಗತಿಗಳಲ್ಲಿ ಓದುತ್ತ, ಲೊಯೋಲಾ ವಿಶ್ವವಿದ್ಯಾಲಯದಿಂದ 1971ರಲ್ಲಿ ಡಾಕ್ಟರೇಟ್ ಪಡೆದಳು.

ಸಾಯಲು ಮತ್ತೆ ಮತ್ತೆ ಹೊರಟ ಹೆಂಗಸರನ್ನೇ ಆರಿಸಿಕೊಂಡು ಲಿನೆಹನ್ ಚಿಕಿತ್ಸೆ ಶುರು ಮಾಡಿದಳು. ಆಸ್ಪತ್ರೆಗಳು ಕೈಚೆಲ್ಲಿದವರನ್ನೇ ಕಳಿಸಿ ಎಂಬುದು ಅವಳ ಬೇಡಿಕೆ. ಆ ಕಾಲಕ್ಕೆ ಹೊಸದಾಗಿದ್ದ ವರ್ತನಾ ಚಿಕಿತ್ಸೆಯನ್ನು, ಅಂದರೆ ಸಮಸ್ಯೆ ಯಾವುದು, ಬದಲಿಸುವುದು ಹೇಗೆ ಎಂದು ಲೆಕ್ಕ ಹಾಕಿ ಕಲಿಸುವ ಪದ್ಧತಿಯನ್ನು, ಪ್ರಯೋಗಿಸಿದಳು. ಹೆಂಗಸರು ಕೆರಳಿದರು. 'ಎಲ್ಲ ನನ್ನದೇ ತಪ್ಪು ಎನ್ನುತ್ತೀರಿ' ಎಂಬುದು ಅವರಿಗೆ ಕೇಳಿಸಿದ ಅರ್ಥ. ಸರಿ, ಬದಲಾವಣೆಯ ಮಾತೇ ಬೇಡವೆಂದು ಬರಿಯ ಅನುತಾಪದಿಂದ ಕೇಳಿಸಿಕೊಂಡಳು. ಅದಕ್ಕೂ ಕೆರಳಿದರು, 'ಹಾಗಾದರೆ ನಾನು ಹೀಗೇ ಸಾಯಲೇ?' ಎಂಬಂತೆ. ಎರಡೂ ಮಾತು ನ್ಯಾಯವೇ. ಇದ್ದಂತೆಯೇ ನಿನ್ನನ್ನು ಒಪ್ಪುತ್ತೇನೆ ಎನ್ನುವುದೂ ಬೇಕು, ಬದಲಾಗಲೇಬೇಕು ಎನ್ನುವುದೂ ಬೇಕು, ಒಂದೇ ಗಂಟೆಯೊಳಗೆ. ಈ ಎಳೆದಾಟಕ್ಕೆ ತತ್ವಶಾಸ್ತ್ರದಲ್ಲಿ ಹೆಸರೊಂದಿದೆ ಎಂದು ತೋರಿಸಿಕೊಟ್ಟವಳು ಅವಳ ಕಛೇರಿಯ ಸಹಾಯಕಿ. ಮಾರ್ಕ್ಸ್‌ವಾದ ಓದಿದವರಿಗೆ ಪರಿಚಿತವಾದ 'ಡಯಲೆಕ್ಟಿಕಲ್', ನಮ್ಮವರು ದ್ವಂದ್ವಾತ್ಮಕ ಎಂದು ಕರೆದ ಪದ ಅದು. ಚಿಕಿತ್ಸೆಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಹೆಸರು ನಿಂತಿತು.

ಒಪ್ಪಿಕೊಳ್ಳುವ ವಿದ್ಯೆಯನ್ನು ಆಕೆ ಕಲಿತದ್ದು ಝೆನ್ ಗುರುಗಳ ಬಳಿ, ಮೊದಲು ಕ್ಯಾಲಿಫೋರ್ನಿಯದ ಒಂದು ಝೆನ್ ಮಠದಲ್ಲಿ, ಆಮೇಲೆ ಜರ್ಮನಿಯಲ್ಲಿ ಕ್ರೈಸ್ತ ಸನ್ಯಾಸಿಯೂ ಝೆನ್ ಗುರುವೂ ಆಗಿದ್ದ ವಿಲ್ಲಿಗಿಸ್ ಯೇಗರ್ ಎಂಬವನ ಹತ್ತಿರ. ನಮ್ಮ ಧ್ಯಾನವೇ ಚೀನಕ್ಕೆ ಹೋಗಿ ಚಾನ್ ಆಗಿ, ಜಪಾನಿಗೆ ಹೋಗಿ ಝೆನ್ ಆದದ್ದು. ಅದು ಜರ್ಮನಿಯ ಪಾದ್ರಿಯ ಕೈಯಿಂದ ಅಮೆರಿಕದ ಮನೋರೋಗ ಚಿಕಿತ್ಸೆಯೊಳಗೆ ನುಸುಳಿತೆನ್ನುವುದು ಸೋಜಿಗದ ಸಂಗತಿ. ಈಗ ಅದು ನಮ್ಮ ಪೇಟೆಗಳಿಗೆ 'ಮೈಂಡ್‌ಫುಲ್‌ನೆಸ್' ಎಂಬ ಹೊಸ ಸೀರೆಯುಟ್ಟು ಬಂದಿದೆ!

ಎದ್ದು ಹೋಗುವವರನ್ನು ಹಿಡಿದಿಡಲು ಅವಳು ಮಾಡಿದ ಏರ್ಪಾಡುಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ಕೆಲವು ಭೇಟಿಗಳಲ್ಲಿ ಚಿಕಿತ್ಸೆಯೇ ಇಲ್ಲ, ಒಪ್ಪಂದದ ಮಾತುಕತೆ ಮಾತ್ರ. ಒಂದು ವರ್ಷ ಬರುತ್ತೀಯಾ? ಸಾಯುವ ದಾರಿಯನ್ನು ಬಿಟ್ಟು ಬದುಕುವ ದಾರಿಗಾಗಿ ಕೆಲಸ ಮಾಡುತ್ತೀಯಾ? ಥಟ್ಟನೆ 'ಹೂಂ' ಎಂದರೆ ಚಿಕಿತ್ಸಕಿ ಸಂತೋಷಪಡುವುದಿಲ್ಲ, ತಿರುಗಿ ವಾದ ಹೂಡುತ್ತಾಳೆ. ಇದು ಬಹಳ ಕಷ್ಟ, ಇಷ್ಟು ವರ್ಷ ನಿನ್ನನ್ನು ಕಾಪಾಡಿದ ಅಭ್ಯಾಸವನ್ನು ನೀನೇಕೆ ಬಿಡಬೇಕು, ಎಂದು. ಆಗ ಆ ಹುಡುಗಿ ತನ್ನ ಬಾಯಿಂದಲೇ ಏಕೆ ಬಿಡಬೇಕೆಂದು ಹೇಳಬೇಕಾಗುತ್ತದೆ. ದೊಡ್ಡದನ್ನು ಕೇಳಿ ಸಣ್ಣದಕ್ಕೆ ಒಪ್ಪುವ ಉಪಾಯವೂ ಉಂಟು. ಸಂತೆಯಲ್ಲಿ ಚೌಕಾಶಿ ಮಾಡಿ ಗೊತ್ತಿರುವ ನಮಗೆ ಇದನ್ನು ಸಿಯಾಟಲ್‌ನವರು ಕಲಿಸಬೇಕಿಲ್ಲ.

ಒಪ್ಪಿದ ಮೇಲೆ ವಾರಕ್ಕೊಮ್ಮೆ ಒಬ್ಬರೇ ಕುಳಿತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ. ಉಕ್ಕಿದ ಸಿಟ್ಟನ್ನು ಹತ್ತು ನಿಮಿಷ ದಾಟಿಸುವುದು, ಬೇಕಾದ್ದನ್ನು ಜಗಳವಿಲ್ಲದೆ ಕೇಳುವುದು, ಇಂಥವು. ಪ್ರತಿದಿನ ತುಂಬಬೇಕಾದ ಕಾರ್ಡು. ನಡುವೆ ಸಂಕಟ ಬಂದರೆ ಚಿಕಿತ್ಸಕಿಗೆ ಫೋನ್ ಮಾಡಬಹುದು, ಆದರೆ ಮೈಗೆ ನೋವು ಮಾಡಿಕೊಳ್ಳುವ ಮೊದಲು. ಮಾಡಿಕೊಂಡ ಮೇಲೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಇಪ್ಪತ್ತನಾಲ್ಕು ಗಂಟೆ ಆ ಬಾಗಿಲು ಮುಚ್ಚಿರುತ್ತದೆ. ಗಾಯಕ್ಕೆ ಪ್ರೀತಿ ಸಿಗುತ್ತದೆಂಬ ಹಳೆಯ ಗಣಿತವನ್ನು ಮುರಿಯಲು ಈ ನಿಯಮ. ಓದಿದಾಗ ಕಠಿಣವೆನ್ನಿಸಿತು, ಈಗಲೂ ಅನ್ನಿಸುತ್ತದೆ. ಇನ್ನೊಂದು ನಿಯಮ, ಸತತವಾಗಿ ನಾಲ್ಕು ಸಲ ತಪ್ಪಿಸಿದರೆ ಆ ಅವಧಿ ಮುಗಿಯುವ ತನಕ ಪ್ರವೇಶವಿಲ್ಲ. ಆದರೆ ಹೊರಹಾಕಲು ಅದೊಂದೇ ಕಾರಣ. ಬೈದಳೆಂದು, ಬಾಗಿಲು ಒದ್ದಳೆಂದು, ಸುಧಾರಿಸಲಿಲ್ಲವೆಂದು ಯಾರನ್ನೂ ಕಳಿಸುವಂತಿಲ್ಲ. ಮೂರು ವಾರ ತಪ್ಪಿಸಿಕೊಂಡವಳನ್ನು ನಾಲ್ಕನೆಯ ವಾರ ಫೋನ್ ಮಾಡಿ ಕರೆಯುವುದೂ ಚಿಕಿತ್ಸಕಿಯ ಕೆಲಸವೇ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಚಿಕಿತ್ಸೆಗೆ ಅಡ್ಡಿಯಾಗುವ ನಡತೆಗಳ ಪಟ್ಟಿಯೊಂದು ಅವಳ ಪುಸ್ತಕದಲ್ಲಿದೆ. ಅದರಲ್ಲಿ ರೋಗಿಯ ನಡತೆಗಳಷ್ಟೇ ಅಲ್ಲ, ಚಿಕಿತ್ಸಕಿಯ ನಡತೆಗಳೂ ಇವೆ. ತಡವಾಗಿ ಬರುವುದು, ಹಿಂದಿನ ವಾರ ಹೇಳಿದ್ದನ್ನು ಮರೆಯುವುದು, ಬೇಸತ್ತು ಕೇಳಿಸಿಕೊಳ್ಳುವುದು, ಇವನ್ನು ಮೇಜಿನ ಮೇಲಿಟ್ಟು ಇಬ್ಬರೂ ಮಾತಾಡಬೇಕು. ಚಿಕಿತ್ಸಕರೆಲ್ಲ ವಾರಕ್ಕೊಮ್ಮೆ ಸೇರಿ ತಮ್ಮ ಸಿಟ್ಟು, ಸೋಲುಗಳನ್ನು ತೋಡಿಕೊಳ್ಳಬೇಕು. ಅದು ಬಿಡುವಿದ್ದರೆ ಮಾಡುವ ಕೆಲಸವಲ್ಲ, ಚಿಕಿತ್ಸೆಯ ಭಾಗವೇ. ಕ್ಯಾಸೆಲ್‌ನ ನರ್ಸುಗಳು ಮುಚ್ಚಿದ ಬಾಗಿಲ ಹಿಂದೆ ಒಪ್ಪಿಕೊಂಡಿದ್ದು ಇಲ್ಲಿ ನಿಯಮವಾಗಿ ಬಂತು. ಚಿಕಿತ್ಸೆ ಸೋಲಬಹುದು, ಚಿಕಿತ್ಸಕಿ ಸೋಲಬಹುದು, ರೋಗಿ ಸೋತಳೆಂದು ಬರೆಯುವಂತಿಲ್ಲ ಎಂಬುದು ಲಿನೆಹನ್‌ಳ ನಿಲುವು.

1991ರಲ್ಲಿ ಮೊದಲ ಫಲಿತಾಂಶ ಪ್ರಕಟವಾಯಿತು. 44 ಹೆಂಗಸರ ಸಣ್ಣ ಪ್ರಯೋಗ. ಹೊಸ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 83ರಷ್ಟು ಜನ ವರ್ಷಪೂರ್ತಿ ತಮ್ಮ ಚಿಕಿತ್ಸಕಿಯ ಬಳಿಯೇ ಉಳಿದರು. ಮಾಮೂಲಿ ಚಿಕಿತ್ಸೆಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಡುವೆಯೇ ಕೈಬಿಟ್ಟಿದ್ದರು. ಮೈಗೆ ನೋವು ಮಾಡಿಕೊಳ್ಳುವುದೂ ಆಸ್ಪತ್ರೆಯಲ್ಲಿ ಮಲಗುವ ದಿನಗಳೂ ಕಡಿಮೆಯಾದವು. ಆದರೆ ಖಿನ್ನತೆ, ನಿರಾಶೆ ಎರಡೂ ಗುಂಪಿನಲ್ಲಿ ಒಂದೇ ಸಮನಿದ್ದವು. ದುಃಖ ಹೋಗಿರಲಿಲ್ಲ, ದುಃಖವಿದ್ದೂ ಬಂದು ಕೂರುವುದು ಸಾಧ್ಯವಾಗಿತ್ತು. ಆಮೇಲೆ ಬೇರೆ ಪದ್ಧತಿಗಳೂ ಬಂದವು. ಲಂಡನ್ನಿನಲ್ಲಿ ಬೇಟ್‌ಮನ್ ಮತ್ತು ಫೊನಗಿ 1999ರಲ್ಲಿ ತಮ್ಮದೊಂದನ್ನು ಪ್ರಕಟಿಸಿದರು. 2009ರಲ್ಲಿ ಕೆನಡದ ಟೊರಾಂಟೊದಲ್ಲಿ 180 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಲಿನೆಹನ್ ಪದ್ಧತಿಯನ್ನೂ, ಈ ಕಾಯಿಲೆಯನ್ನು ಬಲ್ಲ ಮನೋವೈದ್ಯರು ಕ್ರಮವಾಗಿ ಕೊಟ್ಟ ಆರೈಕೆಯನ್ನೂ ಹೋಲಿಸಿದರು. ಎರಡರಲ್ಲೂ ಸುಧಾರಣೆ ಸಮಸಮವಾಗಿತ್ತು. ಲಿನೆಹನ್‌ಳ ಅಭಿಮಾನಿಗಳಿಗೆ ಇದು ನಿರಾಸೆ ತಂದಿರಬಹುದು, ನನಗಂತೂ ಸಮಾಧಾನ ತಂದಿತು. ದುಬಾರಿ ತರಬೇತಿಯ ವಿಶೇಷ ವಿದ್ಯೆಯೇ ಬೇಕೆಂದಿಲ್ಲ, ಈ ಮನುಷ್ಯರನ್ನು ಬಲ್ಲ, ಅವರಿಂದ ಓಡಿಹೋಗದ ವೈದ್ಯರಿದ್ದರೂ ಆದೀತು ಎಂದಾಯಿತಲ್ಲ.

2011ರ ಜೂನ್‌ನಲ್ಲಿ ಲಿನೆಹನ್ ತಾನು ಹದಿನೇಳರಲ್ಲಿ ಬಂಧಿಯಾಗಿದ್ದ ಅದೇ ಆಸ್ಪತ್ರೆಗೆ ಹೋಗಿ, ಸಭೆಯ ಮುಂದೆ ನಿಂತು, ತನ್ನ ಕಥೆಯನ್ನು ಮೊದಲ ಬಾರಿಗೆ ಬಹಿರಂಗವಾಗಿ ಹೇಳಿದಳು. ಆಗ ಅವಳಿಗೆ 68. ತೋಳಿನ ಮೇಲಿನ ಕಲೆಗಳನ್ನು ನೋಡಿ ರೋಗಿಯೊಬ್ಬಳು, ನೀವೂ ನಮ್ಮವರೇ ಏನು ಎಂದು ಕೇಳಿದ್ದು ಅವಳನ್ನು ಕಾಡಿತ್ತಂತೆ. ಮುಚ್ಚಿಟ್ಟುಕೊಂಡೇ ಸತ್ತರೆ ಹೇಡಿಯಾಗುತ್ತೇನೆ ಎನ್ನಿಸಿತಂತೆ. 2020ರಲ್ಲಿ ಆತ್ಮಕಥೆಯೂ ಬಂತು. ಡಾಕ್ಟರೇಟ್, ಪ್ರಾಧ್ಯಾಪಕ ಹುದ್ದೆ, ಲೋಕಮಾನ್ಯತೆ ಎಲ್ಲ ಇದ್ದವಳಿಗೆ ಬಾಯಿಬಿಡಲು ಇಷ್ಟು ಕಾಲ ಹಿಡಿದರೆ, ನಮ್ಮ ಊರಿನ ಹುಡುಗಿಯ ಮಾತೇನು?

ಬಾಸ್ಟನ್ ಬಳಿಯ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರಿನಿ ಎಂಬ ಸಂಶೋಧಕಿ 1990ರ ದಶಕದಿಂದ 290 ಮಂದಿ ಬಾರ್ಡರ್‌ಲೈನ್ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದಳು. ಹತ್ತು ವರ್ಷಗಳೊಳಗೆ ನೂರಕ್ಕೆ 93 ಮಂದಿಯಲ್ಲಿ ಕಾಯಿಲೆಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಕಾಲ ಇಳಿದಿದ್ದವು. ಕೆಲಸ, ಸ್ನೇಹ, ಸಂಬಂಧಗಳೂ ನೆಟ್ಟಗಾಗಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು. ಗುಣವಾಗದ ಸ್ವಭಾವ ಎಂಬ ಮಾತಿಗೆ ಇನ್ನು ಆಧಾರವಿಲ್ಲ.

ನಮ್ಮಲ್ಲಿ 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರ ಗಮನ ಹೆಚ್ಚಾಗಿ ತೀವ್ರ ಮನೋರೋಗ, ಮೂರ್ಛೆರೋಗಗಳ ಮೇಲೆ, ಮಾತ್ರೆಯಿಂದ ಹಿಡಿತಕ್ಕೆ ಬರುವಂಥವುಗಳ ಮೇಲೆ. ಅದೂ ಸಣ್ಣ ಕೆಲಸವಲ್ಲ. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಇದೆ, ನಿಮ್ಹಾನ್ಸೇ ಅದರ ರಾಷ್ಟ್ರೀಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದ ರಾತ್ರಿಯನ್ನು ದಾಟಲು ಅದು ಬೇಕು, ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆದರೆ ವಾರವಾರವೂ ಒಂದು ವರ್ಷ ಕೂರಬೇಕಾದ ಮಾತಿನ ಚಿಕಿತ್ಸೆಗೆ ಸಣ್ಣ ಊರಿನವಳು ದೊಡ್ಡ ನಗರದ ಬಸ್ಸು ಹತ್ತಲೇಬೇಕು.

ಆ ನಾಲ್ಕು ವಾರಗಳ ನಿಯಮವನ್ನು ಓದುವಾಗ ನಾನು ಯೋಚಿಸಿದ್ದು ಇದನ್ನೇ. ಲಿನೆಹನ್‌ಳ ಹೆಂಗಸರು ಬಾರದಿದ್ದರೆ ಅದು ಬಹುಮಟ್ಟಿಗೆ ಅವರದೇ ತೀರ್ಮಾನ ಎಂದು ಆ ನಿಯಮ ಎಣಿಸುತ್ತದೆ. ನಮ್ಮ ಹುಡುಗಿ ಮೊದಲ ವಾರ ತಾಯಿಯ ಜೊತೆ ಹೋಗಿಬಂದಿರುತ್ತಾಳೆ. ಎರಡನೆಯ ವಾರ ಮನೆಯಲ್ಲಿ ತಿಥಿ. ಮೂರನೆಯ ವಾರ ಬಸ್ ಚಾರ್ಜಿಗೆ ಮತ್ತು ಡಾಕ್ಟರ ಫೀಸಿಗೆ ಹೊಂದಿಸಿಟ್ಟ ಹಣ ತಮ್ಮನ ಕಾಲೇಜಿಗೆ ಹೋಗಿರುತ್ತದೆ. ನಾಲ್ಕನೆಯ ವಾರ ಹೆಣ್ಣು ನೋಡಲು ಬರುವವರಿರುತ್ತಾರೆ, ಆಸ್ಪತ್ರೆಯ ಚೀಟಿಯನ್ನು ಬೀರುವಿನ ತಳಕ್ಕೆ ತುರುಕಿರುತ್ತಾರೆ. ಐದನೆಯ ವಾರ, ಈಗ ಸ್ವಲ್ಪ ಸುಮ್ಮನಿದ್ದಾಳಲ್ಲ, ಮತ್ತೇಕೆ ಅಲೆದಾಟ ಎಂದು ಯಾರೋ ಹಿರಿಯರು ಹೇಳುತ್ತಾರೆ. ಅಲ್ಲಿ ಡಾಕ್ಟರು ಕಡತದಲ್ಲಿ 'ರೋಗಿ ಚಿಕಿತ್ಸೆ ಮುಂದುವರಿಸಲಿಲ್ಲ' ಎಂದು ಬರೆದುಕೊಳ್ಳುತ್ತಾರೆ.